ಸಕ್ಕರೆ ಡಬ್ಬಿ ಎಲ್ಲಿದೆ?

ನಮ್ಮ ಮನೆಯ ಹಾಲ್‌ನಲ್ಲಿ ಒಂದು ಸ್ವಿಚ್‌ಬೋರ್ಡ್ ಇದೆ. ಒಂದೇ ಸಾಲಿನಲ್ಲಿ ಎಂಟು ಸ್ವಿಚ್. ಎಲ್ಲವೂ ಒಂದೇ ಅಳತೆ, ಒಂದೇ ಬಣ್ಣ. ನೋಡಲು ಬಲು ಚೆಂದ. ಮನೆಗೆ ಬಂದ ನೆಂಟರು ಫ್ಯಾನ್ ಹಾಕಲು ಎದ್ದು ಮೊದಲು ಬಾಲ್ಕನಿಯ ದೀಪ ಹಚ್ಚುತ್ತಾರೆ, ಆಮೇಲೆ ಟಿ.ವಿ. ಆರಿಸುತ್ತಾರೆ, ಕೊನೆಗೆ "ಯಾವುದಮ್ಮಾ ಫ್ಯಾನಿಂದು?" ಎಂದು ನಗುತ್ತಾರೆ. ನಾವೂ ನಗುತ್ತಾ "ಎಡದಿಂದ ಐದನೆಯದು" ಎನ್ನುತ್ತೇವೆ. ನಿಜ ಹೇಳಬೇಕೆಂದರೆ, ಆ ಮನೆಯಲ್ಲಿ ಒಂಬತ್ತು ವರ್ಷದಿಂದ ಇರುವ ನಾನೂ ಐದನೆಯದನ್ನು ಒತ್ತುವ ಮುಂಚೆ ಮನಸ್ಸಿನಲ್ಲೇ ಎಣಿಸಿಕೊಳ್ಳುತ್ತೇನೆ.

ನಾಚಿಕೆಯ ಸಂಗತಿಯೆಂದರೆ ಮನೆಗಳ ಒಳಾಂಗಣ ವಿನ್ಯಾಸ ಮಾಡುವುದೇ ನನ್ನ ಕಸುಬು. ಬೆಂಗಳೂರಿನಲ್ಲಿ ಹದಿನೆಂಟು ವರ್ಷದಿಂದ ಜನರ ಅಡುಗೆಮನೆ, ಮಲಗುವ ಕೋಣೆ, ಬಚ್ಚಲುಮನೆಗಳನ್ನು ರೂಪಿಸಿಕೊಟ್ಟು ಅದರಲ್ಲೇ ಅನ್ನ ಕಂಡವಳು. ನಮ್ಮ ಫ್ಲಾಟನ್ನು ನಾನೇ ಖುದ್ದು ನಿಂತು ಮಾಡಿಸಿದ್ದು. ಅಡುಗೆಮನೆಯ ಫೋಟೊವನ್ನು ಹೊಸ ಗಿರಾಕಿಗಳಿಗೆ ಹೆಮ್ಮೆಯಿಂದ ತೋರಿಸುತ್ತಿದ್ದೆ. ನೆಲದಿಂದ ಸೂರಿನವರೆಗೆ ಹಾಲಿನ ಕೆನೆಯಂಥ ಬಿಳಿ ಬಾಗಿಲುಗಳು. ಒಂದಕ್ಕೂ ಹಿಡಿಕೆ ಇಲ್ಲ. ಬೆರಳಿನಿಂದ ಒತ್ತಿದರೆ ತಾವಾಗಿಯೇ ತೆರೆದುಕೊಳ್ಳುತ್ತವೆ. "ಅಡುಗೆಮನೆ ಅಂತಲೇ ಗೊತ್ತಾಗೋದಿಲ್ಲ!" ಎಂದು ನೋಡಿದವರೆಲ್ಲ ಹೊಗಳುತ್ತಿದ್ದರು. ಆ ಮಾತಿನಲ್ಲಿದ್ದ ದೋಷ ನನಗೆ ತಿಳಿಯಲು ಅಮ್ಮ ಬರಬೇಕಾಯಿತು.

ಕತ್ತಲಲ್ಲಿ ನಡೆಯುತ್ತಿದ್ದವಳು

ಅಮ್ಮ ಕೊಪ್ಪದ ಕಡೆಯವಳು. ಮದುವೆಯಾಗಿ ಹೋದ ಹಳೆಯ ತೊಟ್ಟಿಮನೆಯಲ್ಲೇ ನಲವತ್ತೆಂಟು ವರ್ಷ ಬಾಳಿದವಳು. ಮಳೆಗಾಲದಲ್ಲಿ ನಮ್ಮೂರಲ್ಲಿ ಕರೆಂಟು ಹೋದರೆ ಎರಡು ಮೂರು ದಿನ ಬಾರದು. ಆದರೆ ಅಮ್ಮ ಕತ್ತಲಿಗೆ ಹೆದರಿದ್ದನ್ನು ನಾನು ನೋಡಿಲ್ಲ. ನಡುರಾತ್ರಿ ನನಗೆ ನೀರಡಿಕೆಯಾದರೆ ದೀಪವಿಲ್ಲದೆಯೇ ಎದ್ದು ಹೋಗಿ ತಾಮ್ರದ ಹಂಡೆಯಿಂದ ನೀರು ಬಗ್ಗಿಸಿಕೊಂಡು ಬರುತ್ತಿದ್ದಳು, ಒಂದು ಹನಿ ಚೆಲ್ಲುತ್ತಿರಲಿಲ್ಲ. ಬಾಗಿಲು ದಾಟುತ್ತಲೇ ಬಲಗೈಗೆ ಗೋಡೆಯ ಗೂಡು ಸಿಗುತ್ತದೆ. ಅದರಲ್ಲಿ ಚಿಮಣಿ ಬುಡ್ಡಿ, ಬೆಂಕಿಪೊಟ್ಟಣ. ಅಡುಗೆಮನೆಗೆ ಎತ್ತರದ ಹೊಸ್ತಿಲು. ಕಾಲಿಗೆ ತಗುಲಿದರೆ ಒಳಗೆ ಬಂದಾಯಿತು ಎಂದು ಅರ್ಥ. ಬಚ್ಚಲಿನ ಕಡೆಗೆ ತಿರುಗಿದರೆ ಸಗಣಿ ಸಾರಿಸಿದ ನುಣುಪು ನೆಲ ಮುಗಿದು ಒರಟು ಚಪ್ಪಡಿ ಶುರುವಾಗುತ್ತದೆ. ಇನ್ನು ನೀರಿನ ಜಾಗ, ಹುಷಾರು ಎಂದು ಅಂಗಾಲಿಗೇ ತಿಳಿಯುತ್ತದೆ. ಹಾಲು ಮೊಸರು ಬೆಕ್ಕಿಗೆ ಎಟುಕದ ಹಾಗೆ ನೆಲುವಿನಲ್ಲಿ ತೂಗಾಡುತ್ತವೆ. ಉಪ್ಪಿನ ಮರಿಗೆ ಒಲೆಯ ಎಡಕ್ಕೆ, ಬೆಚ್ಚಗಿರುವ ಜಾಗದಲ್ಲಿ. ಮಲೆನಾಡಿನ ಥಂಡಿಗೆ ಉಪ್ಪು ನೀರಾಗಬಾರದಲ್ಲ.

ಹಳೆಯ ಮನೆಯನ್ನು ಹೊಗಳಿ ಅಟ್ಟಕ್ಕೇರಿಸುವುದು ನನ್ನ ಉದ್ದೇಶವಲ್ಲ. ಹೊಗೆ ತುಂಬಿದ, ಬೆಳಕು ಕಾಣದ ಅಡುಗೆಮನೆ ಅದು. ಬಗ್ಗಿ ಬಗ್ಗಿ, ಕುಕ್ಕರುಗಾಲಲ್ಲಿ ಕೂತು ಕೂತು ಅಮ್ಮನ ಮಂಡಿ ಸವೆದದ್ದು ಅಲ್ಲಿಯೇ. ಅಲ್ಲದೆ ಅಮ್ಮನಿಗೆ ಅಲ್ಲಿ ಎಲ್ಲವೂ ಕೈಗೆ ಸಿಗುತ್ತಿದ್ದುದರಲ್ಲಿ ಅರ್ಧ ಪಾಲು ರೂಢಿಯ ಫಲ. ಇದನ್ನು ಬೇರ್ಪಡಿಸಿ ನೋಡುವುದು ಹೇಗೆ? ಅತ್ತಿಗೆ ಆ ಮನೆಗೆ ಸೊಸೆಯಾಗಿ ಬಂದ ಮೊದಲ ವಾರ ನನಗೆ ನೆನಪಿದೆ. ಹದಿನಾರು ಭರಣಿಗಳಲ್ಲಿ ಯಾವುದರಲ್ಲಿ ಯಾವ ಉಪ್ಪಿನಕಾಯಿ ಎಂದು ತಿಳಿಯಲು ಅವಳಿಗೆ ವರ್ಷ ಹಿಡಿಯಿತು. ಅದು ರೂಢಿ. ಆದರೆ ಗೂಡಿನ ದೀಪ ಅವಳಿಗೆ ಮೊದಲ ದಿನವೇ ಸಿಕ್ಕಿತ್ತು. ಯಾರೂ ಹೇಳಿಕೊಟ್ಟಿರಲಿಲ್ಲ. ಕತ್ತಲಲ್ಲಿ ಬಾಗಿಲು ದಾಟಿದವರ ಕೈ ಚೌಕಟ್ಟಿನ ಪಕ್ಕದ ಗೋಡೆಯನ್ನು ತಡವುತ್ತದೆ. ಕೈ ಹೋದಲ್ಲಿ ಗೂಡಿತ್ತು, ಅಷ್ಟೇ. ನಾನು ಈಗ ಹೇಳಹೊರಟಿರುವುದು ಈ ಎರಡನೆಯ ಜಾತಿಯ ವಿಷಯ.

ಅಮ್ಮನಿಗೆ ಗ್ಲಾಕೊಮಾ ಎಂದು ಗೊತ್ತಾದದ್ದು ತಡವಾಗಿ. ಕಣ್ಣಿನ ಪೊರೆಯಾದರೆ ತೆಗೆಸಬಹುದು. ಇದರಲ್ಲಿ ಹೋದ ದೃಷ್ಟಿ ಮರಳಿ ಬರುವುದಿಲ್ಲ. ಅಕ್ಕಪಕ್ಕದ ನೋಟ ಮೊದಲು ಮಸುಕಾಗುತ್ತದೆ, ನೇರ ನೋಟ ಕೊನೆಯವರೆಗೆ ಉಳಿದೀತು. ಒಬ್ಬಳೇ ಇರುವುದು ಬೇಡವೆಂದು ನಾವು ಹಟ ಹಿಡಿದು ಬೆಂಗಳೂರಿಗೆ ಕರೆತಂದೆವು.

"ಎಂತ ಇಲ್ಲ ಬಿಡು"

ಮೊದಲ ವಾರ ಅಮ್ಮ ಬೆಳಗ್ಗೆ ಎದ್ದು ಅಡುಗೆಮನೆಯಲ್ಲಿ ನಿಂತು ಕೂಗುತ್ತಿದ್ದಳು: "ಸಕ್ಕರೆ ಡಬ್ಬಿ ಎಲ್ಲುಂಟೇ?" ನಾನು ಬಂದು ಎಡಗಡೆಯ ಮೂರನೇ ಬಾಗಿಲನ್ನು ಒತ್ತಿ ತೆಗೆದು ಕೊಡುತ್ತಿದ್ದೆ. ಅರ್ಧ ಗಂಟೆಗೆ ಮತ್ತೆ, "ಸೌಟು ಯಾವುದರಲ್ಲಿ?" ಬಿಳಿ ಗೋಡೆಯಂಥ ಆ ಬಾಗಿಲುಗಳ ಮೇಲೆ ಅಮ್ಮ ಅಂಗೈ ಸವರುತ್ತಿದ್ದಳು. ಎಲ್ಲಿ ಒತ್ತಬೇಕು, ಎಲ್ಲಿ ಬಾಗಿಲು ಮುಗಿದು ಗೋಡೆ ಶುರುವಾಗುತ್ತದೆ ಎಂಬುದಕ್ಕೆ ಒಂದೂ ಗುರುತಿರಲಿಲ್ಲ. ಎರಡನೇ ವಾರ ಕೂಗು ಕಡಿಮೆಯಾಯಿತು. ಹೊಂದಿಕೊಂಡಳು ಎಂದು ನಾನು ಖುಷಿಪಟ್ಟೆ.

ಹೊಂದಿಕೊಂಡಿರಲಿಲ್ಲ. ಕೇಳುವುದನ್ನು ಬಿಟ್ಟಿದ್ದಳು. ಕಾಫಿಗೆ ಸಕ್ಕರೆ ಹಾಕಿಕೊಳ್ಳದೆ ಕುಡಿಯುತ್ತಿದ್ದಳು. "ಏನಮ್ಮಾ?" ಎಂದರೆ "ಎಂತ ಇಲ್ಲ ಬಿಡು, ಸಕ್ಕರೆ ಕಡಿಮೆ ಮಾಡಿದರೆ ಒಳ್ಳೆಯದೇ ಅಲ್ವಾ" ಎನ್ನುತ್ತಿದ್ದಳು.

ಆಮೇಲೆ ಒಲೆಯ ಪ್ರಸಂಗ. ನಮ್ಮದು ಕಟ್ಟೆಯೊಳಗೆ ಹುದುಗಿಸಿದ ನಾಲ್ಕು ಬರ್ನರಿನ ಗಾಜಿನ ಒಲೆ. ಬರ್ನರುಗಳು ಮುಂದೆ ಎರಡು, ಹಿಂದೆ ಎರಡು; ತಿರುಗಣೆಗಳು ಮಾತ್ರ ನಾಲ್ಕೂ ಒಂದೇ ಸಾಲಿನಲ್ಲಿ. ಅಮ್ಮ ಹಾಲಿನ ಪಾತ್ರೆಯನ್ನು ಮುಂದಿನ ಎಡ ಬರ್ನರಿನ ಮೇಲಿಟ್ಟು ಎಡತುದಿಯ ತಿರುಗಣೆ ತಿರುಗಿಸಿದಳು. ಹೊತ್ತಿಕೊಂಡದ್ದು ಹಿಂದಿನದು. ಅದರ ಮೇಲೆ ನಾನು ತೊಳೆದು ಒಣಗಲು ಇಟ್ಟಿದ್ದ ಪ್ಲಾಸ್ಟಿಕ್ ಜರಡಿ ಇತ್ತು. ಸುಟ್ಟ ವಾಸನೆಗೆ ಓಡಿ ಬಂದು ಆರಿಸಿದೆವು. ಯಾರಿಗೂ ಏನೂ ಆಗಲಿಲ್ಲ. ಆದರೆ ಅಂದಿನಿಂದ ಅಮ್ಮ ಅಡುಗೆಮನೆಯ ಕಡೆ ಸುಳಿಯಲಿಲ್ಲ. ನಲವತ್ತೆಂಟು ವರ್ಷ ಹದಿನೈದು ಜನಕ್ಕೆ ಬೇಯಿಸಿ ಹಾಕಿದವಳು ಸೋಫಾದ ಅಂಚಿನಲ್ಲಿ, ನೆಂಟರ ಮನೆಗೆ ಬಂದವರು ಕೂರುವ ಹಾಗೆ, ಕೈಕಟ್ಟಿ ಕೂರತೊಡಗಿದಳು.

ಇಷ್ಟಾದರೂ ನಾನು ಇದನ್ನು ವಯಸ್ಸಿನ ತೊಂದರೆ, ಕಣ್ಣಿನ ತೊಂದರೆ ಎಂದೇ ತಿಳಿದಿದ್ದೆ. ಕಣ್ಣು ತೆರೆಸಿದ್ದು ಹತ್ತು ವರ್ಷದ ಮಗ. ಜನವರಿಯ ಒಂದು ರಾತ್ರಿ ಊಟಕ್ಕೆ ಕೂತಾಗ, "ಅಮ್ಮಾ, ಅಜ್ಜಿ ದಿನಾ ತಣ್ಣೀರಲ್ಲೇ ಸ್ನಾನ ಮಾಡ್ತಾರೆ, ಗೊತ್ತಾ?" ಎಂದ.

ನಮ್ಮ ಬಚ್ಚಲುಮನೆಯಲ್ಲಿ ಬಿಸಿ, ತಣ್ಣನೆಯ ಎರಡಕ್ಕೂ ಸೇರಿ ಒಂದೇ ಹಿಡಿ. ಮೇಲಕ್ಕೆತ್ತಿ ಎಡಕ್ಕೆ ಹೊರಳಿಸಿದರೆ ಬಿಸಿ. ಗುರುತಿಗೆ ಸಾಸಿವೆ ಕಾಳಿನಷ್ಟು ದೊಡ್ಡ ಒಂದು ಕೆಂಪು ಚುಕ್ಕೆ, ಒಂದು ನೀಲಿ ಚುಕ್ಕೆ. ಅದರ ಕೆಳಗೆ ಇನ್ನೊಂದು ಗುಂಡಿ. ಎಳೆದರೆ ನೀರು ನಲ್ಲಿಯಿಂದ ಶವರಿಗೆ ಹೋಗುತ್ತದೆ. ಒಮ್ಮೆ ಬಿಸಿನೀರಿಗೆಂದು ಏನೋ ತಿರುಗಿಸಿ ತಲೆಯ ಮೇಲೆ ತಣ್ಣೀರು ಸುರಿಸಿಕೊಂಡಿದ್ದಳಂತೆ. ಆಮೇಲೆ ಅದರ ತಂಟೆಗೇ ಹೋಗಿಲ್ಲ. ಎತ್ತಿದ ಕೂಡಲೇ ಬರುವ ತಣ್ಣೀರನ್ನೇ ಬಕೆಟ್ಟಿಗೆ ಹಿಡಿದು ಮೂರು ವಾರ ಸ್ನಾನ ಮಾಡಿದ್ದಾಳೆ. ಬೆಂಗಳೂರಿನ ಜನವರಿಯಲ್ಲಿ, ಎಪ್ಪತ್ತೊಂದು ವರ್ಷದವಳು.

ಯಾಕೆ ಹೇಳಲಿಲ್ಲ ಎಂದು ಗದರಿದೆ. "ಎಷ್ಟೂಂತ ಕೇಳುವುದು?" ಎಂದಳು.

ತಪ್ಪು ನಿಮ್ಮದಲ್ಲ

ನನ್ನ ಓದಿನ ದಿನಗಳಲ್ಲಿ ಪರೀಕ್ಷೆಗೆಂದು ಉರುಹೊಡೆದು ಮರೆತ ಒಂದು ಪುಸ್ತಕವನ್ನು ಆ ವಾರ ಮತ್ತೆ ತೆಗೆದೆ. ಅಮೆರಿಕದ ಮನೋವಿಜ್ಞಾನಿ ಡೊನಾಲ್ಡ್ ನಾರ್ಮನ್ 1988ರಲ್ಲಿ ಬರೆದದ್ದು. ದಿನಬಳಕೆಯ ವಸ್ತುಗಳ ಮನೋವಿಜ್ಞಾನದ ಕುರಿತು. ಅದರಲ್ಲಿ ಅವರು ಬಾಗಿಲುಗಳ ಬಗ್ಗೆ ಬಹಳ ಬರೆದಿದ್ದಾರೆ. ಬ್ಯಾಂಕಿನ ಗಾಜಿನ ಬಾಗಿಲ ಮುಂದೆ ನೀವೂ ಒದ್ದಾಡಿರಬಹುದು: ದೂಡಬೇಕಾದಲ್ಲಿ ಎಳೆಯುತ್ತೇವೆ, ಎಳೆಯಬೇಕಾದಲ್ಲಿ ದೂಡುತ್ತೇವೆ, ಆಮೇಲೆ ಯಾರಾದರೂ ನೋಡಿದರೇನೋ ಎಂದು ಆಚೀಚೆ ಕಣ್ಣಾಡಿಸುತ್ತೇವೆ. ನಾರ್ಮನ್ ವಾದ ಸರಳ. ಹಿಡಿಕೆ ಇದ್ದರೆ ಕೈ ತಾನಾಗಿ ಎಳೆಯುತ್ತದೆ, ಚಪ್ಪಟೆ ತಗಡಿದ್ದರೆ ದೂಡುತ್ತದೆ. ದೂಡಬೇಕಾದ ಬಾಗಿಲಿಗೆ ಹಿಡಿಕೆ ಜಡಿದು ಅದರ ಮೇಲೆ 'ದೂಡಿರಿ' ಎಂದು ಚೀಟಿ ಅಂಟಿಸಿದರೆ ಪೆದ್ದತನ ಬಾಗಿಲಿನದು, ಬಂದವರದ್ದಲ್ಲ. ಅಂಥ ಬಾಗಿಲುಗಳಿಗೆ ಈಗ ಅವರ ಹೆಸರೇ ಅಂಟಿಕೊಂಡು 'ನಾರ್ಮನ್ ಬಾಗಿಲು' ಎನ್ನುತ್ತಾರೆ. ಜೀವನವಿಡೀ ಕೆಟ್ಟ ಬಾಗಿಲುಗಳನ್ನು ಬೈದು ಕೊನೆಗೆ ಅವಕ್ಕೇ ತಮ್ಮ ಹೆಸರಿಟ್ಟರೆ ಅವರಿಗೆ ಹೇಗನಿಸಿರಬೇಡ!

ಒಲೆಯ ವಿಷಯವಂತೂ ಇನ್ನೂ ಹಳೆಯದು. 1959ರಲ್ಲೇ ಆಲ್ಫಾನ್ಸ್ ಚಪಾನಿಸ್ ಮತ್ತು ಲಿಂಡನ್‌ಬಾಮ್ ಎಂಬಿಬ್ಬರು ನಾಲ್ಕು ಬರ್ನರಿನ ಒಲೆಗಳನ್ನು ಬೇರೆ ಬೇರೆ ರೀತಿ ಜೋಡಿಸಿ, ಜನ ಎಷ್ಟು ಸಲ ತಪ್ಪು ತಿರುಗಣೆ ಮುಟ್ಟುತ್ತಾರೆ ಎಂದು ಲೆಕ್ಕ ಹಾಕಿದ್ದರು. ಮುಂದೆರಡು, ಹಿಂದೆರಡು ಬರ್ನರನ್ನು ಚೌಕವಾಗಿಟ್ಟು ತಿರುಗಣೆಗಳನ್ನು ಸಾಲಾಗಿಟ್ಟಾಗ, ಯಾವ ಕ್ರಮದಲ್ಲಿಟ್ಟರೂ ತಪ್ಪುಗಳಾದವು. ಹಿಂದಿನ ಬರ್ನರುಗಳನ್ನು ತುಸು ಪಕ್ಕಕ್ಕೆ ಸರಿಸಿ, ಪ್ರತಿ ಬರ್ನರಿನ ನೇರ ಎದುರಿಗೆ ಅದರದೇ ತಿರುಗಣೆ ಬರುವಂತೆ ಮಾಡಿದಾಗ ಒಂದೇ ಒಂದು ತಪ್ಪೂ ಆಗಲಿಲ್ಲ. ನಾನು ಹುಟ್ಟುವ ಮೊದಲೇ ಪತ್ತೆಯಾದ ವಿಷಯ. ನನ್ನದೇ ಅಡುಗೆಮನೆಗೆ ನಾನೇ ಆರಿಸಿದ ಒಲೆ ಮಾತ್ರ ತಪ್ಪು ಜೋಡಣೆಯದು. ಅಂಗಡಿಯಲ್ಲಿ ನಾನು ನೋಡಿದ್ದು ಗಾಜಿನ ಹೊಳಪನ್ನು.

ಚಪಾನಿಸ್ ಅವರದೇ ಇನ್ನೊಂದು ಕಥೆ ಮಗನಿಗೆ ತುಂಬ ಹಿಡಿಸಿತು. ಎರಡನೇ ಮಹಾಯುದ್ಧದ ಕಾಲ. ಬಿ-17 ಎಂಬ ಅಮೆರಿಕದ ಬಾಂಬರ್ ವಿಮಾನಗಳು ಯುದ್ಧ ಮುಗಿಸಿ ಕ್ಷೇಮವಾಗಿ ವಾಪಸಾಗಿ, ನೆಲ ಮುಟ್ಟಿದ ಮೇಲೆ ಹೊಟ್ಟೆ ಅಡಿಯಾಗಿ ಕುಸಿಯುತ್ತಿದ್ದವು. ಪೈಲಟ್‌ಗಳು ರೆಕ್ಕೆಯ ಫ್ಲ್ಯಾಪ್ ಮಡಚಲು ಹೋಗಿ ಚಕ್ರಗಳನ್ನೇ ಮಡಚಿಬಿಡುತ್ತಿದ್ದರು. ನುರಿತ ಪೈಲಟ್‌ಗಳು ಇಷ್ಟು ದಡ್ಡ ತಪ್ಪು ಮಾಡುವುದೇಕೆ? ಚಪಾನಿಸ್ ಹೋಗಿ ನೋಡಿದರೆ ಎರಡೂ ಸ್ವಿಚ್‌ಗಳು ಅಕ್ಕಪಕ್ಕ, ಒಂದೇ ಆಕಾರ. ನಮ್ಮ ಹಾಲ್‌ನ ಸ್ವಿಚ್‌ಬೋರ್ಡಿನ ಹಾಗೆಯೇ. ಅವರು ಚಕ್ರದ ಸ್ವಿಚ್ಚಿಗೆ ರಬ್ಬರಿನ ಪುಟ್ಟ ಚಕ್ರವೊಂದನ್ನೂ ಫ್ಲ್ಯಾಪಿನದಕ್ಕೆ ಬೆಣೆಯಾಕಾರದ ತುಂಡೊಂದನ್ನೂ ಸಿಕ್ಕಿಸಿದರು. ಕಣ್ಣು ರನ್‌ವೇ ಮೇಲಿದ್ದರೂ ಬೆರಳಿಗೆ ಯಾವುದು ಯಾವುದೆಂದು ತಿಳಿಯಿತು. ಆಮೇಲೆ ಆ ಗೊಂದಲ ಇಲ್ಲವಾಯಿತು.

ಮರುದಿನ ಮಗ ನನ್ನ ಹೊಲಿಗೆ ಡಬ್ಬಿಯಿಂದ ಅಂಗಿಯ ಗುಂಡಿಯೊಂದನ್ನು ಕದ್ದು ಅಜ್ಜಿಯ ಕೋಣೆಯ ಫ್ಯಾನಿನ ಸ್ವಿಚ್ಚಿಗೆ ಅಂಟಿಸಿದ್ದ.

ಕೈ ಮೊದಲು ಹೋಗುವುದೆಲ್ಲಿಗೆ?

ನಾನು ಒಂದು ವಾರ ಕೆಲಸಕ್ಕೆ ರಜೆ ಹಾಕಿ ನೋಟ್‌ಬುಕ್ ಹಿಡಿದು ಮೂಲೆಯಲ್ಲಿ ಕೂತೆ. ಅಮ್ಮ ಮನೆಯಲ್ಲಿ ಓಡಾಡುವಾಗ ಅವಳ ಕೈ ಮೊದಲು ಹೋಗುವುದೆಲ್ಲಿಗೆ ಎಂದು ಬರೆದುಕೊಳ್ಳುವುದು ನನ್ನ ಕೆಲಸ. ಸಹಾಯ ಮಾಡಕೂಡದು, ಬಾಯಿ ಬಿಡಕೂಡದು. ಇದು ಎಷ್ಟು ಕಷ್ಟ ಎಂದು ಮಾಡಿದವರಿಗೇ ಗೊತ್ತು. (ಒಲೆ ಹಚ್ಚುವ ಕೆಲಸ ಮಾತ್ರ ಆ ವಾರ ನನ್ನದೇ ಆಗಿತ್ತು.)

ಕೈ ಸುಳ್ಳು ಹೇಳುವುದಿಲ್ಲ. ಬಚ್ಚಲುಮನೆಯ ದೀಪಕ್ಕೆ ಅವಳ ಕೈ ಪ್ರತಿ ಸಲವೂ ಬಾಗಿಲ ಬಲಕ್ಕೆ, ಎದೆಯ ಎತ್ತರಕ್ಕೆ ಹೋಗುತ್ತಿತ್ತು. ಸ್ವಿಚ್ ಇದ್ದದ್ದು ಎಡಕ್ಕೆ, ಬಾಗಿಲು ತೆರೆದರೆ ಅದರ ಹಿಂದೆ ಮರೆಯಾಗುವ ಕಡೆ. ಲೋಟಕ್ಕಾಗಿ ಕೈ ನೀರಿನ ಫಿಲ್ಟರಿನ ಬಳಿ ಹುಡುಕುತ್ತಿತ್ತು. ನಾನು ಲೋಟಗಳನ್ನು ತಟ್ಟೆಗಳ ಜೊತೆ ಆಚೆ ಬದಿಯಲ್ಲಿ ಇಟ್ಟಿದ್ದೆ, ಪಾತ್ರೆ ಪಾತ್ರೆಯ ಜೊತೆ ಎಂಬ ತರ್ಕದಲ್ಲಿ. ಆದರೆ ಬಾಯಾರಿದವರು ಲೋಟವನ್ನು ಪಾತ್ರೆ ಎಂದು ನೆನೆಯುತ್ತಾರೆಯೇ? ನೀರು ಎಂದು ನೆನೆಯುತ್ತಾರೆ. ಲೋಟ ನೀರಿನ ಪಕ್ಕ ಇರಬೇಕು, ಕಾಫಿಪುಡಿ ಸಕ್ಕರೆ ಒಲೆಯ ಪಕ್ಕ, ಚಾಕು ಮಣೆ ಸಿಂಕಿನ ಪಕ್ಕ. ಸಾಮಾನಿನ ಜಾತಿ ನೋಡಿ ಜೋಡಿಸಿದ್ದೆ, ಕೆಲಸ ನೋಡಿ ಜೋಡಿಸಬೇಕಿತ್ತು. ನಮ್ಮ ಒಗ್ಗರಣೆ ಡಬ್ಬಿಯನ್ನೇ ನೋಡಿ. ಸಾಸಿವೆ, ಜೀರಿಗೆ, ಮೆಂತ್ಯ, ಉದ್ದಿನಬೇಳೆ, ಒಣಮೆಣಸು ಎಲ್ಲವೂ ಒಂದೇ ದುಂಡು ಡಬ್ಬಿಯಲ್ಲಿ. ಮುಚ್ಚಳ ತೆಗೆದರೆ ಎಲ್ಲವೂ ಒಂದೇ ನೋಟಕ್ಕೆ ಕಾಣುತ್ತವೆ. ಎಣ್ಣೆ ಕಾದು ಹೊಗೆಯಾಡುವ ಮುಂಚೆ ಎಲ್ಲವೂ ಕೈಗೆ ಸಿಗುತ್ತವೆ. ಇದನ್ನು ರೂಪಿಸಿದವರು ಯಾರೋ ಗೊತ್ತಿಲ್ಲ, ನನ್ನ ಇಡೀ ಬಿಳಿ ಅಡುಗೆಮನೆಗಿಂತ ಅದು ಜಾಣ ವಿನ್ಯಾಸ.

ಬಚ್ಚಲುಮನೆಯಲ್ಲಿ ಬೇರೆಯೇ ತೊಂದರೆ. ಬಿಳಿ ನೆಲ, ಬಿಳಿ ಗೋಡೆ, ಬಿಳಿ ಕಮೋಡು. ಒಳಗೆ ಕಾಲಿಡುವಲ್ಲಿ ಒಂದು ಅಂಗುಲದಷ್ಟು ತಗ್ಗು. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಯಾಗುತ್ತದೆ, ಒಳಗೆ ಹೋಗುವ ಬೆಳಕೂ ಕಡಿಮೆಯಾಗುತ್ತದೆ. ಬಿಳಿಯ ಮೇಲಿನ ಬಿಳಿ ಬೇರೆ ಬೇರೆಯಾಗಿ ಕಾಣುವುದೇ ಇಲ್ಲ. ಅಮ್ಮ ಆ ತಗ್ಗಿನಲ್ಲಿ ಪ್ರತಿ ಸಲವೂ ಕಾಲನ್ನು ಮುಂದೆ ಚಾಚಿ, ಹೊಳೆ ದಾಟುವವರ ಹಾಗೆ ನೆಲ ತಡವುತ್ತಿದ್ದಳು. ಎರಡು ತಿಂಗಳು ಅದೇ ಬಚ್ಚಲನ್ನು ದಿನವೂ ಬಳಸುತ್ತಿದ್ದ ನಾನು ಇದನ್ನು ಕಂಡಿರಲಿಲ್ಲ.

ಆಗ ನೆನಪಾದದ್ದು ನಮ್ಮ ಮೆಟ್ರೊ ನಿಲ್ದಾಣದ ಹಳದಿ ಪಟ್ಟಿ. ಉಬ್ಬು ಗೆರೆಗಳ, ಉಬ್ಬು ಚುಕ್ಕೆಗಳ ಆ ಹಾಸನ್ನು ನೀವೂ ತುಳಿದಿರುತ್ತೀರಿ. ಜಪಾನಿನ ಸೆಯಿಚಿ ಮಿಯಾಕೆ ಎಂಬವರು 1965ರಲ್ಲಿ ಅದನ್ನು ರೂಪಿಸಿದರು; 1967ರಲ್ಲಿ ಒಕಯಾಮಾ ನಗರದಲ್ಲಿ, ಅಂಧರ ಶಾಲೆಯ ಹತ್ತಿರದ ರಸ್ತೆಯಲ್ಲಿ ಮೊದಲು ಹಾಸಿದರು. ಗೆರೆ ಇದ್ದರೆ ಮುಂದೆ ಹೋಗಬಹುದು, ಚುಕ್ಕೆ ಬಂದರೆ ನಿಲ್ಲಬೇಕು. ಇದನ್ನು ಓದುವಾಗ ನಮ್ಮೂರ ಬಚ್ಚಲಿನ ಒರಟು ಚಪ್ಪಡಿ ನೆನಪಾಗದೆ ಇದ್ದೀತೆ? ಅಮ್ಮನ ಅಂಗಾಲು ಓದುತ್ತಿದ್ದದ್ದು ಅದೇ ಭಾಷೆಯನ್ನು. ನುಣುಪು ಟೈಲ್ಸ್ ಹಾಸಿ ಅವಳ ಅಂಗಾಲಿಗೆ ಓದಲು ಏನೂ ಉಳಿಯದ ಹಾಗೆ ಮಾಡಿದವಳು ನಾನು.

ಚೀಟಿ ಅಂಟಿಸಿ ಸೋತದ್ದು

ಮೊದಲು ನಾನು ಮಾಡಿದ್ದು ದಡ್ಡ ಕೆಲಸ. ಪ್ರತಿ ಬಾಗಿಲಿಗೂ 'ಸಕ್ಕರೆ', 'ತಟ್ಟೆ', 'ಅಕ್ಕಿ' ಎಂದು ಕನ್ನಡದಲ್ಲಿ ಅಚ್ಚುಕಟ್ಟಾಗಿ ಚೀಟಿ ಬರೆದು ಅಂಟಿಸಿದೆ. ಕನ್ನಡಕ ಹುಡುಕಿ, ಹಾಕಿಕೊಂಡು, ಒಂದೊಂದೇ ಓದಿ ಸಕ್ಕರೆ ಹುಡುಕುವಷ್ಟರಲ್ಲಿ ಕಾಫಿ ಆರುತ್ತಿತ್ತು. ಮೂರನೇ ದಿನ ಅಮ್ಮ ಎಲ್ಲವನ್ನೂ ಕಿತ್ತು ಕಸಕ್ಕೆ ಹಾಕಿ, "ಇದೇನು ರೇಷನ್ ಅಂಗಡಿಯಾ?" ಎಂದಳು. ರಾತ್ರಿಗೆಂದು ನೆಲದ ಹತ್ತಿರ ಹಾಕಿಸಿದ ದೀಪವೂ ಹಾಗೆಯೇ ಆಯಿತು. ಹೊಳೆಯುವ ಟೈಲ್ಸಿನ ಮೇಲೆ ಅದರ ಬೆಳಕು ಬಿದ್ದು ನೀರು ಚೆಲ್ಲಿದ ಹಾಗೆ ಕಾಣುತ್ತಿತ್ತು. ಅಮ್ಮ ಅದನ್ನು ದಾಟಲು ಹೆಜ್ಜೆ ಎತ್ತಿಡುತ್ತಿದ್ದಳು. ದೀಪವನ್ನು ಮಂಚದ ಅಡಿಗೆ ಸರಿಸಿದ ಮೇಲೆ ಸರಿಹೋಯಿತು.

ಕೆಲಸಕ್ಕೆ ಬಂದದ್ದು ಇಷ್ಟು. ಅಡುಗೆಮನೆಯಲ್ಲಿ ಅವಳು ಬಳಸುವ ಹನ್ನೆರಡು ಬಾಗಿಲಿಗೆ ಹಿಡಿಕೆ ಹಾಕಿಸಿದೆ. ಕೈಗೆ ತುಂಬಿ ಸಿಗುವ, ಕಪ್ಪು ಬಣ್ಣದ, ಮಾಮೂಲಿ ಹಿಡಿಕೆ. ನನ್ನ ಬಡಗಿ ಡ್ರಿಲ್ ಹಿಡಿದು, "ಮೇಡಂ, ನಿಜವಾಗಲೂ ತೂತು ಹಾಕ್ಲಾ?" ಎಂದು ಎರಡು ಸಲ ಕೇಳಿದ. ಒಲೆಯ ಮೇಲಿನ ಒಂದು ಬಾಗಿಲನ್ನು ಕಿತ್ತೇಬಿಟ್ಟೆವು. ಸಕ್ಕರೆ, ಕಾಫಿಪುಡಿ, ಒಗ್ಗರಣೆ ಡಬ್ಬಿ ಈಗ ತೆರೆದ ಕಪಾಟಿನಲ್ಲಿ ಕಣ್ಣೆದುರಿಗೇ ಇವೆ. ಗಾಜಿನ ಒಲೆ ಹೋಗಿ ಎರಡು ಬರ್ನರಿನ ಹಳೇ ಮಾದರಿಯ ಸ್ಟೀಲ್ ಒಲೆ ಬಂತು: ಎಡದ ತಿರುಗಣೆಗೆ ಎಡದ ಬರ್ನರು, ಬಲದ್ದಕ್ಕೆ ಬಲದ್ದು. ಬಚ್ಚಲಿನ ತಗ್ಗಿನ ಅಂಚಿಗೆ ಕಡುನೀಲಿ ಪಟ್ಟಿ, ಅದರ ಈಚೆಗೆ ಅಂಗಾಲಿಗೆ ತಿಳಿಯುವಂಥ ಒರಟು ಕಲ್ಲಿನ ಹಾಸು, ಪಕ್ಕದ ಗೋಡೆಗೆ ಒಂದು ಕಂಬಿ. ಒಂದೇ ಹಿಡಿಯ ಜಾಣ ನಲ್ಲಿಯ ಬದಲು ಬಿಸಿಗೊಂದು, ತಣ್ಣೀರಿಗೊಂದು, ತಿರುಗಿಸುವ ಎರಡು ನಲ್ಲಿ. ಸ್ವಿಚ್ಚನ್ನು ಬಲಕ್ಕೆ ತಂದದ್ದಕ್ಕೆ ಗೋಡೆ ಒಡೆಯಬೇಕಾಯಿತು, ಅದೊಂದೇ ದುಬಾರಿ ಬಾಬ್ತು.

ಫೋಟೊದಲ್ಲಿ ಈಗ ನಮ್ಮ ಅಡುಗೆಮನೆ ಅಷ್ಟು ಚೆಂದ ಕಾಣುವುದಿಲ್ಲ. ಅದನ್ನು ಗಿರಾಕಿಗಳಿಗೆ ತೋರಿಸುವುದೂ ಕಡಿಮೆಯಾಗಿದೆ, ಸುಳ್ಳೇಕೆ.

ಫ್ರಾಂಕ್‌ಫರ್ಟಿನ ಅಡುಗೆಮನೆ

ಕೆಲಸ ನೋಡಿ ಜಾಗ ಜೋಡಿಸಬೇಕು ಎನ್ನುವುದು ನನ್ನ ಶೋಧವೇನಲ್ಲ. ಇಂದಿನ ಮಾಡ್ಯುಲರ್ ಕಿಚನ್‌ಗಳ ಮುತ್ತಜ್ಜಿ ಎನ್ನಬಹುದಾದ ಅಡುಗೆಮನೆಯನ್ನು 1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನ ಹೊಸ ವಸತಿಗಳಿಗಾಗಿ ರೂಪಿಸಿದವರು ಆಸ್ಟ್ರಿಯಾದ ಮಾರ್ಗರೆಟೆ ಶ್ಯೂಟೆ ಲಿಹೊಟ್ಸ್ಕಿ. ಸುಮಾರು 1.9 ಮೀಟರ್ ಅಗಲ, 3.4 ಮೀಟರ್ ಉದ್ದದ ಪುಟ್ಟ ಜಾಗ. ರೈಲಿನ ಊಟದ ಬೋಗಿಯ ಅಡುಗೆಮನೆ ಅವರಿಗೆ ಮಾದರಿ. ಕೂತು ಕೆಲಸ ಮಾಡಲು ತಿರುಗುವ ಸ್ಟೂಲು; ಬೇಳೆಕಾಳಿಗೆ ಹೆಸರು ಬರೆದ, ನೇರ ಸುರಿಯಲು ಮೂತಿಯಿದ್ದ ಅಲ್ಯುಮಿನಿಯಂ ಡಬ್ಬಗಳು. ಸುಮಾರು ಹತ್ತು ಸಾವಿರ ಮನೆಗಳಲ್ಲಿ ಅದನ್ನು ಅಳವಡಿಸಿದರು. ಹೆಂಗಸರ ದುಡಿಮೆಯ ಹೊರೆ ಇಳಿಯಬೇಕೆಂಬುದು ಅವರ ಪ್ರಾಮಾಣಿಕ ಆಸೆಯಾಗಿತ್ತು. ಸ್ವತಃ ಅಡುಗೆಯ ಅನುಭವ ಮಾತ್ರ ಆಗ ತಮಗೆ ಇರಲಿಲ್ಲವೆಂದು ಮುಂದೆ ಅವರೇ ಹೇಳಿಕೊಂಡರು. ಆ ಅಡುಗೆಮನೆಯ ಮೇಲೆ ಬಂದ ದೂರೂ ಗಮನಾರ್ಹ: ಒಬ್ಬರೇ ನಿಲ್ಲಲು ಜಾಗ, ಇಬ್ಬರು ಸೇರಿ ಕೆಲಸ ಮಾಡುವಂತಿಲ್ಲ.

ನನ್ನ ಅಡುಗೆಮನೆಯೂ ಒಬ್ಬರದೇ ಆಗಿತ್ತು. ಅಮ್ಮನಿಗೆ ನಿಂತು ಅಡುಗೆ ಮಾಡಲು ಮಂಡಿ ಬಿಡುವುದಿಲ್ಲ; ಆದರೆ ಅವರೆಕಾಯಿ ಸುಲಿಯಲು, ಸೊಪ್ಪು ಬಿಡಿಸಲು, ಮೊಮ್ಮಗನಿಗೆ ಕಥೆ ಹೇಳಲು ಕೂರುವ ಜಾಗವೊಂದು ಬೇಕಿತ್ತು. ಕಟ್ಟೆಯ ತುದಿಯ ಡ್ರಾಯರುಗಳನ್ನು ತೆಗೆಸಿ, ಅವಳ ಕಾಲು ಒಳಗೆ ಹೋಗುವ ಹಾಗೆ ತಗ್ಗಿನ ಕಟ್ಟೆ ಮಾಡಿಸಿ ಕುರ್ಚಿ ಹಾಕಿದೆ. ಮನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಬಳಕೆಯಾಗುವ ಜಾಗ ಈಗ ಅದೇ. ಮಗನ ಹೋಮ್‌ವರ್ಕೂ ಅಲ್ಲಿಯೇ, ಅವರೆಕಾಯಿ ಸಿಪ್ಪೆಯ ನಡುವೆ.

ಮಕ್ಕಳ ವಿಷಯ ಬಂದದ್ದರಿಂದ ಹೇಳುತ್ತೇನೆ. ಮಾರಿಯಾ ಮಾಂಟೆಸರಿ 1907ರಲ್ಲಿ ರೋಮ್ ನಗರದ ಬಡ ಬಡಾವಣೆಯಲ್ಲಿ ತೆರೆದ ಶಿಶುಮಂದಿರದಲ್ಲಿ ಮೇಜು, ಕುರ್ಚಿ, ಕೈ ತೊಳೆಯುವ ಜಾಗ ಎಲ್ಲವನ್ನೂ ಮಕ್ಕಳ ಅಳತೆಗೆ ತಕ್ಕಂತೆ ಮಾಡಿಸುತ್ತ ಬಂದರು. ಮಕ್ಕಳು ತಮ್ಮ ಕೆಲಸ ತಾವೇ ಮಾಡಿಕೊಳ್ಳಲಿ ಎಂದು. ಅವರು 1939ರಲ್ಲಿ ಮದ್ರಾಸಿನ ಅಡ್ಯಾರಿಗೂ ಬಂದು ನಮ್ಮವರಿಗೆ ತರಬೇತಿ ಕೊಟ್ಟರು. "ಚೀಲ ಜಾಗದಲ್ಲಿಡು" ಎಂದು ನಾನು ಮಗನಿಗೆ ದಿನವೂ ಬೈಯುತ್ತಿದ್ದೆ. ನನ್ನ ಭುಜದ ಎತ್ತರಕ್ಕಿದ್ದ ಕೊಕ್ಕೆಯನ್ನು ಅವನ ಎದೆಯ ಎತ್ತರಕ್ಕೆ, ಬಾಗಿಲ ಪಕ್ಕಕ್ಕೆ ಇಳಿಸಿದೆ. ಈಗ ಚೀಲ ಅಲ್ಲಿಯೇ ನೇತಾಡುತ್ತದೆ. ಬೂಟುಗಳ ವಿಷಯ ಕೇಳಬೇಡಿ.

ನೀವೂ ನೋಡಬಹುದು

ಕಳೆದ ವರ್ಷ ಗಿರಾಕಿಯೊಬ್ಬರು ಬಚ್ಚಲುಮನೆಯ ಬಾಗಿಲು ಮರದ ಗೋಡೆಯಲ್ಲಿ ಬೆರೆತು ಕಾಣಿಸದಂತೆ ಇರಬೇಕೆಂದು ಪಟ್ಟು ಹಿಡಿದರು. ಬೇಡವೆಂದು ಎಷ್ಟು ಹೇಳಿದರೂ ಕೇಳಲಿಲ್ಲ, ಮಾಡಿಕೊಟ್ಟೆ. ಗೃಹಪ್ರವೇಶದ ದಿನ ಹಿರಿಯರೊಬ್ಬರು ಆ ಗೋಡೆಯನ್ನು ಉದ್ದಕ್ಕೂ ತಟ್ಟುತ್ತ ಹೋದದ್ದನ್ನು ನೋಡಿ ಮಕ್ಕಳು ಬಿದ್ದು ಬಿದ್ದು ನಕ್ಕರು. ಆ ಹಿರಿಯರು ನಗಲಿಲ್ಲ. ಮುಂದಿನ ವಾರ ಫೋನ್ ಬಂತು, ಹಿಡಿಕೆ ಹಾಕಿಕೊಡಿ ಎಂದು.

ಈಗ ಪ್ರತಿ ಮನೆಯ ಕೆಲಸ ಮುಗಿದಾಗ ನಾನೊಂದು ಪರೀಕ್ಷೆ ಮಾಡುತ್ತೇನೆ. ನಿಮ್ಮ ಮನೆಯಲ್ಲೂ ಮಾಡಬಹುದು. ಮೊದಲ ಸಲ ಬಂದ ಅತಿಥಿಯೊಬ್ಬರಿಗೆ "ನೀವೇ ಟೀ ಮಾಡಿ" ಎಂದು ಬಿಟ್ಟುಕೊಟ್ಟು, ನೀವು ಬಾಯಿ ಮುಚ್ಚಿ ಕೂರಬೇಕು. ಅವರು ಎಷ್ಟು ಪ್ರಶ್ನೆ ಕೇಳಿದರು, ಯಾವ ಬಾಗಿಲನ್ನು ಮೊದಲು ತೆರೆದರು ಎಂದು ಬರೆದುಕೊಳ್ಳುವುದು ಮಕ್ಕಳ ಕೆಲಸ. ಅವರು ಸಕ್ಕರೆಗೆಂದು ಮೊದಲು ತೆರೆದ ಬಾಗಿಲಿದೆಯಲ್ಲ, ಸಕ್ಕರೆ ಇರಬೇಕಾದ ಜಾಗ ಬಹುಮಟ್ಟಿಗೆ ಅದೇ. ನಮ್ಮ ಮನೆಯಲ್ಲಿ ಮೊದಲ ಸಲ ಹದಿನಾಲ್ಕು ಪ್ರಶ್ನೆ ಬಂದಿದ್ದವು. ಈಗ ಮೂರಕ್ಕೆ ಇಳಿದಿದೆ. ಅದರಲ್ಲಿ ಒಂದು "ಸಕ್ಕರೆ ಎಷ್ಟು ಚಮಚ?" ಎಂಬುದು, ಅದನ್ನು ಲೆಕ್ಕಕ್ಕೆ ಹಿಡಿಯಬಾರದು ಎಂದು ಮಗನ ವಾದ.

ಅಮ್ಮನ ಕಣ್ಣು ಸುಧಾರಿಸಿಲ್ಲ, ಸುಧಾರಿಸುವುದೂ ಇಲ್ಲ. ಹನಿ ಔಷಧ ದಿನಕ್ಕೆರಡು ಸಲ ನಡೆದಿದೆ. ಬೆಳಗ್ಗೆ ಐದೂವರೆಗೆ ಅಡುಗೆಮನೆಯಲ್ಲಿ ಪಾತ್ರೆಯ ಸದ್ದಾಗುತ್ತದೆ. ಸಕ್ಕರೆ ಹಾಕಿದ ಕಾಫಿ ಕುಡಿದು, "ನಿನ್ನ ಡಿಕಾಕ್ಷನ್ ಬರೀ ನೀರು" ಎಂದು ನನ್ನನ್ನು ಎಬ್ಬಿಸುತ್ತಾಳೆ. ಮೊನ್ನೆ ನನ್ನ ಸೌಟುಗಳನ್ನೆಲ್ಲ ಕೇಳದೆ ಕೇಳಿಸದೆ ಬೇರೆ ಡ್ರಾಯರಿಗೆ ಸಾಗಿಸಿದ್ದಳು. "ಸೌಟು ಎಲ್ಲಮ್ಮಾ?" ಎಂದು ನಾನು ಕೂಗಬೇಕಾಯಿತು.

ಹಾಲ್‌ನ ಎಂಟು ಸ್ವಿಚ್ಚಿನ ಬೋರ್ಡು ಮಾತ್ರ ಹಾಗೆಯೇ ಇದೆ. ಎಡದಿಂದ ಐದನೆಯದಕ್ಕೆ ಈಗ ಕೆಂಪು ಗುಂಡಿಯೊಂದು ಅಂಟಿದೆ. ನನ್ನ ರೇಷ್ಮೆ ಕುಪ್ಪಸದ್ದು.